ಒಂಬತ್ತು ಸಲ ಬಿಚ್ಚಿದ ಮೌಸು

"ಬುದ್ಧೀ, ಒಂದನ್ನು ನಂಬುವ ಮೊದಲು ಅದನ್ನು ಎಷ್ಟು ಸಲ ಪರೀಕ್ಷೆ ಮಾಡಬೇಕು?" ಎಂದು ಚನ್ನವೀರ ಕೇಳಿದ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ದೀಕ್ಷೆ ಮಾತ್ರ ಇನ್ನೂ ಪಡೆದಿರಲಿಲ್ಲ. ಈ ಗುರು ನಿಜವಾದ ಗುರುವೋ ಅಲ್ಲವೋ ಎಂದು ದಿನಕ್ಕೊಂದು ಪ್ರಶ್ನೆ ಹಾಕಿ ಅಳೆಯುತ್ತಿದ್ದ.

"ಕೂತುಕೋ, ಹೇಳುತ್ತೇನೆ" ಎಂದರು ಗುರು.

ಒಬ್ಬ ಆಟಗಾರನಿದ್ದ. ಕಂಪ್ಯೂಟರಿನಲ್ಲಿ ಗುರಿಯಿಟ್ಟು ಹೊಡೆಯುವ ಆಟ ಅವನದು. ಕೈ ಬಹಳ ಚುರುಕು, ಆದರೆ ತಲೆಯೊಳಗೆ ಅನುಮಾನದ ಹುಳ. ಒಮ್ಮೆ ಆಟದ ನಡುವೆ ಮೌಸು ಕೈಕೊಟ್ಟಿತ್ತು. ಅಂದಿನಿಂದ ಯಾವ ಮೌಸನ್ನೂ ನಂಬುತ್ತಿರಲಿಲ್ಲ. "ಮುಂದಿನ ಪಂದ್ಯದಲ್ಲೂ ತಪ್ಪಿದರೆ ನಿನ್ನ ಜಾಗಕ್ಕೆ ಬೇರೆಯವನು ಬರುತ್ತಾನೆ" ಎಂದು ತಂಡದವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಅವನು ಹೊಸ ಮೌಸು ಕೊಳ್ಳಲು ಅಂಗಡಿಗೆ ಹೋದ.

ಅಂಗಡಿಯವನು ಒಂದನ್ನು ತೆಗೆದುಕೊಟ್ಟ. ಆಟಗಾರ ಅದನ್ನು ಕೈಯಲ್ಲಿ ತೂಗಿದ, ಅಲ್ಲಾಡಿಸಿ ಕಿವಿಗೆ ಹಿಡಿದ, ಗುಂಡಿ ಒತ್ತಿ ಒತ್ತಿ ಅಂಗಡಿಯವನಿಗೆ ತಲೆ ಚಿಟ್ಟು ಹಿಡಿಸಿದ.

"ಧೈರ್ಯವಾಗಿ ತೆಗೆದುಕೊಂಡು ಹೋಗಿ ಸಾರ್, ಒಳ್ಳೆಯ ಮಾಲು. ಬಿಚ್ಚಲು ಮಾತ್ರ ಹೋಗಬೇಡಿ" ಎಂದ ಅಂಗಡಿಯವನು.

ಅಷ್ಟು ಸಾಕಾಯಿತು. ಬಿಚ್ಚಬೇಡಿ ಎಂದನಲ್ಲ, ಯಾಕೆ? ಒಳಗೆ ಏನು ಮುಚ್ಚಿಟ್ಟಿದ್ದಾನೆ? ಹಳೆಯ ಮಾಲಿಗೆ ಹೊಸ ಮೈ ತೊಡಿಸಿ ನನಗೆ ಟೋಪಿ ಹಾಕಿದನೇ? ಮನೆ ಮುಟ್ಟುವ ತನಕ ಅವನಿಗೆ ಇದೇ ಯೋಚನೆ.

ಮೌಸಿನ ತಿರುಪುಗಳು ಅದರ ಅಡಿಯಲ್ಲಿ ಅಂಟಿಸಿದ ನುಣುಪು ಪಟ್ಟಿಗಳ ಕೆಳಗೆ ಅಡಗಿರುತ್ತವೆ. ಮೌಸು ಜಾರುವುದು ಆ ಪಟ್ಟಿಗಳ ಮೇಲೆಯೇ. ಆಟಗಾರ ಪಟ್ಟಿ ಕಿತ್ತ, ತಿರುಪು ತೆಗೆದ, ಒಳಗೆ ಇಣುಕಿದ. ಎಲ್ಲ ಹೊಸದು, ಎಲ್ಲ ಸರಿ. ಮತ್ತೆ ಅಂಟಿಸಿದ. ಮರುದಿನ, ನಿನ್ನೆ ಅವಸರದಲ್ಲಿ ಸರಿಯಾಗಿ ನೋಡಲಿಲ್ಲವೇನೋ ಅನ್ನಿಸಿತು. ಮತ್ತೆ ಬಿಚ್ಚಿದ. ಮೂರನೆಯ ದಿನವೂ ಅದೇ ಕತೆ. ಪಂದ್ಯದ ತನಕ ಒಂದು ದಿನವೂ ತಪ್ಪಲಿಲ್ಲ.

ಪಂದ್ಯದ ದಿನ ಕೊನೆಗೆ ಎದುರಾಳಿ ಒಬ್ಬ, ಇವನೊಬ್ಬ ಉಳಿದರು. ಇವನು ಗುರಿಯತ್ತ ಸರಕ್ಕನೆ ಕೈ ಎಳೆದ. ದಿನಾ ಕಿತ್ತು ಅಂಟಿಸಿ ಅಂಚು ಎದ್ದಿದ್ದ ಪಟ್ಟಿ ಕೆಳಗೆ ಹಾಸಿದ ಬಟ್ಟೆಗೆ ಸಿಕ್ಕಿಕೊಂಡು ಮೌಸು ನಿಂತುಬಿಟ್ಟಿತು. ಗುಂಡು ಗೋಡೆಗೆ ಬಿತ್ತು. ಪಂದ್ಯವೂ ಹೋಯಿತು, ತಂಡದಲ್ಲಿದ್ದ ಜಾಗವೂ ಹೋಯಿತು. ಪಾಪ, ಅವನಿಗೆ ಅಳುವೇ ಬಂತು.

ನೆಟ್ಟಗೆ ಅಂಗಡಿಗೆ ಬಂದು ಮೌಸನ್ನು ಮೇಜಿನ ಮೇಲೆ ಕುಕ್ಕಿದ. "ನನಗೆ ಮೊದಲೇ ಗೊತ್ತಿತ್ತು ಕಣಯ್ಯಾ, ಇದು ಮೋಸದ ಮಾಲು!"

ಅಂಗಡಿಯವನು ಅದನ್ನು ಮಗುಚಿ ನೋಡಿದ. ಪಟ್ಟಿಗಳ ಅಂಚೆಲ್ಲ ಎದ್ದು ಸುರುಟಿಕೊಂಡಿತ್ತು. "ಎಷ್ಟು ಸಲ ಬಿಚ್ಚಿದಿರಿ ಸಾರ್? ಒಳಗೆ ಏನು ಕಂಡಿತು?" ಎಂದ.

"ಒಂಬತ್ತು ಸಲ ಬಿಚ್ಚಿದೆ. ಒಂಬತ್ತು ಸಲವೂ ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಅನುಮಾನ ಇನ್ನೂ ಹೆಚ್ಚಾದದ್ದು!"

ಚನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದನಪ್ಪಾ ಅವನು!" ಎಂದ.

ಗುರು ನಗಲಿಲ್ಲ. ಅವನ ನಗು ನಿಲ್ಲುವ ತನಕ ಕಾದು ಕೇಳಿದರು: "ಈ ಮೂರು ವರ್ಷದಲ್ಲಿ ನೀನು ನನ್ನನ್ನು ಎಷ್ಟು ಸಲ ಬಿಚ್ಚಿ ನೋಡಿದೆ, ಮಗು?"