ಬೆದರುಬೊಂಬೆಯ ಹುಲ್ಲೆಳೆ

ನವಣೆಯ ಕೊಯ್ಲು ಮುಗಿದರೂ ಬೆದರುಬೊಂಬೆಯನ್ನು ಕಿತ್ತೊಯ್ಯುವುದನ್ನು ಹೊಲದವರು ಮರೆತರು. ಕೈಚಾಚಿ ನಿಂತ ಅದರ ಸುತ್ತ ಉದುರಿದ ಕಾಳು ಬೇಕಾದಷ್ಟಿತ್ತು. ಹಕ್ಕಿ ಮಾತ್ರ ಒಂದೂ ಇಳಿಯುತ್ತಿರಲಿಲ್ಲ. ಯಾರಾದರೂ ಒಂದು ಗಳಿಗೆ ತನ್ನ ಭುಜದ ಮೇಲೆ ಕೂತರೆ ಸಾಕೆಂದು ಬೊಂಬೆ ಕಾಯುತ್ತಿತ್ತು.

ಹಕ್ಕಿಗಳು ಮುಖಂಡನನ್ನು ಆರಿಸುವ ದಿನ ಹತ್ತಿರ ಬಂದಿತ್ತು. "ಆ ರಾಕ್ಷಸ ಇವತ್ತು ತಲೆ ತಿರುಗಿಸಿದ! ನಾನಿಲ್ಲದಿದ್ದರೆ ನಿಮ್ಮ ಮರಿಗಳಿಗೆ ಉಳಿಗಾಲವಿಲ್ಲ" ಎಂದು ಕಾಜಾಣ ಬೇಲಿಯ ಮೇಲಿಂದ ದಿನವೂ ಕೂಗುತ್ತಿತ್ತು.

ಹಸಿವು ತಾಳಲಾರದೆ ಗುಬ್ಬಿಯೊಂದು ಒಂದು ಬೆಳಿಗ್ಗೆ ಹೊಲಕ್ಕಿಳಿಯಿತು.

"ಹೆದರಬೇಡ ಗುಬ್ಬಕ್ಕ, ನಾನು ಬರೀ ಹುಲ್ಲು. ಬೇಕಾದರೆ ತೋಳಿನಿಂದ ಒಂದು ಎಳೆ ಕಿತ್ತು ನೋಡು" ಎಂದಿತು ಬೊಂಬೆ.

ಗುಬ್ಬಿ ಕಿತ್ತು ನೋಡಿತು. "ಅಯ್ಯೋ ಬೊಂಬೆಯಣ್ಣ, ಇದಕ್ಕೆ ಹೆದರಿ ನಾವು ಇಷ್ಟು ದಿನ ಉಪವಾಸ ಬಿದ್ದೆವೇ? ಎಲ್ಲರಿಗೂ ತೋರಿಸಿ ಬರುತ್ತೇನೆ. ಸಂಜೆಗೆ ನಿನ್ನ ಭುಜದ ತುಂಬ ನಾವೇ" ಎಂದು ನಕ್ಕು, ಎಳೆಯನ್ನು ಕಚ್ಚಿಕೊಂಡು ಹಾರಿತು.

ಕಂಡದ್ದೇ ಕಾಜಾಣ ಕಿರುಚಿತು: "ನೋಡಿ, ಅವನ ಹುಲ್ಲು ಇವಳ ಬಾಯಲ್ಲಿದೆ! ಇವಳು ಅವನ ಕಡೆಯವಳು!"

ಹಕ್ಕಿಗಳೆಲ್ಲ ಸೇರಿ ಗುಬ್ಬಿಯನ್ನು ಕುಕ್ಕಿ ಕುಕ್ಕಿ ಹಳ್ಳದಾಚೆ ಅಟ್ಟಿದವು. ಕಾಜಾಣವನ್ನು ಒಮ್ಮತದಿಂದ ಆರಿಸಿದವು.

ಸಂಜೆ ಬೊಂಬೆಯ ಭುಜದ ಮೇಲೆ ಯಾರೋ ಬಂದು ಕೂತರು. ತಿರುಗಿ ನೋಡಲು ಅದರ ಕತ್ತು ಹೊರಳದು. "ಬಂದೆಯಾ ಗುಬ್ಬಕ್ಕ?" ಎಂದಿತು.

"ಅವಳಲ್ಲ, ನಾನು" ಎಂದಿತು ಕಾಜಾಣ, ಅದರ ತೋಳಿಗೆ ಕೊಕ್ಕು ಒರೆಸುತ್ತ. "ಗಾಳಿಗೆ ಬಿದ್ದುಬಿಡಬೇಡ ಮಾರಾಯ. ಮುಂದಿನ ಸಲವೂ ನೀನು ಬೇಕು."