ಮುಸುವದ ಮೋರೆ ಕಪ್ಪಾದದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಆಗ ಮುಸುವ ಎಂಬ ಉದ್ದ ಬಾಲದ ಕೋತಿಗಳ ಮೋರೆ, ಕೈಕಾಲು ಎಲ್ಲ ಬೆಳ್ಳಗಿದ್ದವು.

ಬೆಟ್ಟಗಳ ನಡುವೆ ಒಂದು ಕಣಿವೆ. ಅಲ್ಲಿ ಮೇಯುವ ಜಿಂಕೆಗಳಿಗೆಲ್ಲ ಜಡಿಯವ್ವ ಎಂಬ ಮುಸುವವೇ ಕಾವಲು. ಮತ್ತಿಮರದ ತುದಿಯಲ್ಲಿ ಕೂತರೆ ಅವಳಿಗೆ ಕಣಿವೆಯ ಆ ಕೊನೆಯವರೆಗೂ ಕಾಣುತ್ತಿತ್ತು. ಹುಲಿ ಕಂಡರೆ "ಖಕ್ ಖಕ್" ಎಂದು ಕೂಗುತ್ತಿದ್ದಳು. ಜಿಂಕೆಗಳು ಓಡಿ ಬದುಕುತ್ತಿದ್ದವು.

ಒಂದು ಬೆಳಿಗ್ಗೆ ಕರಡಿಗೆ ಪೊಟರೆಯಲ್ಲಿ ಜೇನು ಕಂಡಿತು. ಹುಳುಗಳನ್ನು ಎಬ್ಬಿಸಲು ಹಸಿ ಸೊಪ್ಪು ಒಟ್ಟಿ ಬೆಂಕಿ ಹಚ್ಚಿತು. ಹೊಗೆ ಕಣಿವೆಯೆಲ್ಲ ತುಂಬಿಕೊಂಡಿತು. ಜಡಿಯವ್ವನಿಗೆ ಪಕ್ಕದ ಮರವೂ ಕಾಣದಾಯಿತು.

"ಜಡಿಯವ್ವಾ, ಹುಲಿ ಎಲ್ಲಿದೆ?" ಕೆಳಗಿನಿಂದ ಚುಕ್ಕಿ ಎಂಬ ಜಿಂಕೆ ಕೇಳಿದಳು. ಅವಳ ಎಳೆಮರಿ ಕೆಮ್ಮುತ್ತಿತ್ತು.

"ಕಾಣ್ತಿಲ್ಲ ಮಗಳೇ. ಮರಿಯನ್ನು ಬಿಟ್ಟು ಕದಲಬೇಡ."

ಜಡಿಯವ್ವ ಕೂಗಿ ಹೇಳಿದಳು, "ಕರಡಿಯಣ್ಣಾ, ಬೆಂಕಿ ಆರಿಸು."

"ಇನ್ನೊಂದು ಗಳಿಗೆ ತಡಿಯವ್ವಾ."

ಮತ್ತೆ ಕೂಗಿದಳು. "ಇನ್ನೊಂದೇ ಗಳಿಗೆ" ಎಂದಿತು ಕರಡಿ. ಹೊಗೆ ಇನ್ನೂ ದಟ್ಟವಾಯಿತು.

"ಗಾಳಿಯಪ್ಪಾ, ನೀನಾದರೂ ಈ ಹೊಗೆ ಒಯ್ಯಪ್ಪಾ."

"ಈಗ ಬೀಸಿದರೆ ಕಿಡಿ ಹಾರಿ ಕಾಡೇ ಹತ್ತಿಕೊಳ್ಳುತ್ತೆ. ಮೊದಲು ಬೆಂಕಿ ಆರಲಿ" ಎಂದಿತು ಗಾಳಿ.

ಅಷ್ಟರಲ್ಲಿ ಕೆಳಗೆ ತರಗೆಲೆ ಸರಕ್ಕೆಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಅದು ಜಿಂಕೆಯ ಗೊರಸಲ್ಲ.

ಹುಲಿ ಇರುವ ನೆಲಕ್ಕೆ ಜಡಿಯವ್ವ ಎಂದೂ ಇಳಿದವಳಲ್ಲ. ಆದರೂ ಇಳಿದಳು. ತಡವರಿಸುತ್ತ ಬೆಂಕಿಯ ಬಳಿ ಹೋಗಿ ಒದ್ದೆ ಮಣ್ಣು ಎರಚಿದಳು, ಕೈಯಲ್ಲಿ ಬಡಿದಳು, ಕಾಲಲ್ಲಿ ತುಳಿದಳು. ಕೆಂಡ ಎಲ್ಲಿ ಉಳಿದಿದೆ ಎಂದು ಮೋರೆಯನ್ನೇ ಮಸಿಗೆ ಒಡ್ಡಿ ಹುಡುಕಿದಳು. ಅವಳ ಸುಟ್ಟ ಕೈ ಕಂಡ ಕರಡಿ ತಾನೂ ಮಣ್ಣು ಕೆರೆದು ಹಾಕತೊಡಗಿತು.

ಕೊನೆಯ ಕೆಂಡ ಆರಿತು. ಗಾಳಿ ಬೀಸಿತು. ಹೊಗೆ ಸರಿಯಿತು.

ಎರಡೇ ನೆಗೆತದ ದೂರದಲ್ಲಿ, ಮರಿಯ ಮೇಲೆ ಕಣ್ಣಿಟ್ಟು ಹುಲಿ ಹೊಂಚಿ ಕೂತಿತ್ತು.

"ಖಕ್!"

ಚುಕ್ಕಿಯೂ ಮರಿಯೂ ಚಂಗನೆ ಹಾರಿ ಓಡಿದರು. ಸಿಟ್ಟಿಗೆದ್ದ ಹುಲಿ ಜಡಿಯವ್ವನತ್ತ ತಿರುಗಿತು. ಅವಳು ಕೈಗೆ ಸಿಕ್ಕ ಕೊಂಬೆ ಹಿಡಿದು ಜಿಗಿದಳು. ಹುಲಿಯ ಪಂಜಾ ಬಾಲದ ತುದಿಯನ್ನು ಸವರಿ ಹೋಯಿತು, ಅಷ್ಟೇ.

ಆಮೇಲೆ ಹಳ್ಳದಲ್ಲಿ ಎಷ್ಟು ತೊಳೆದರೂ ಮಸಿ ಹೋಗಲಿಲ್ಲ. ಕರಡಿ ತಲೆ ತಗ್ಗಿಸಿ, "ನನ್ನಿಂದ ಹೀಗಾಯ್ತು" ಎಂದಿತು.

"ಇನ್ನು ಮೇಲೆ ಇಲ್ಲಿ ಬೆಂಕಿ ಹಚ್ಚಬೇಡ, ಸಾಕು" ಎಂದು ಜಡಿಯವ್ವ ಮತ್ತೆ ಮರ ಹತ್ತಿದಳು.

ಅದಕ್ಕೇ ಮಗು, ಇವತ್ತಿಗೂ ಮುಸುವಗಳ ಮೋರೆ, ಕೈ, ಕಾಲು ಕಪ್ಪು. ಅವು ಕೂತ ಮರದ ಕೆಳಗೇ ಜಿಂಕೆಗಳು ನಿಶ್ಚಿಂತೆಯಿಂದ ಮೇಯುತ್ತವೆ.