ಬೆಳ್ಳಿ ಪಟ್ಟಿಯ ಕೋವಿ

ಹೊಳೆ ದಂಡೆಯಲ್ಲಿ ಕೆಂಚಾಚಾರಿಯ ಕುಲುಮೆ. ಅವನು ಕೋವಿ ಮಾಡುವ ಗುರು. ಅವನ ಹತ್ತಿರ ಕಾಳಿಂಗ ಅನ್ನುವ ಒಬ್ಬನೇ ಶಿಷ್ಯ. ಊರವರು ಗುರುವಿನ ಬಗ್ಗೆ ಆಡಿಕೊಂಡಿದ್ದು ಕಡಿಮೆ, ಶಿಷ್ಯನ ಬಗ್ಗೆ ಆಡಿ ಮುಗಿಸಿದ್ದೇ ಇಲ್ಲ.

ಆಡದೆ ಏನು ಮಾಡುತ್ತಾರೆ? ಅಕ್ಕಸಾಲಿಯ ಮಗಳು ಚೆನ್ನಾಜಿ ನೀರಿಗೆ ಬರುವ ಹೊತ್ತಿಗೇ ಇವನಿಗೆ ಕುಲುಮೆಯ ಕಾವು ತಡೆಯಲಾಗುತ್ತಿರಲಿಲ್ಲ. ಹೊರಗೆ ಬಂದು ಗಾಳಿಗೆ ನಿಲ್ಲುತ್ತಿದ್ದ. ಅವಳ ಕೊಡವೋ, ತುಂಬಿದರೂ ತುಂಬುತ್ತಿರಲಿಲ್ಲ.

ಅವಳ ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ. "ಮೊದಲು ನಿನ್ನ ಹಟ್ಟಿಯಲ್ಲಿ ಹಾಲು ಕೊಡುವ ಒಂದು ಎಮ್ಮೆ ಕಟ್ಟಿ ತೋರಿಸು. ಆಮೇಲೆ ಹೆಣ್ಣಿನ ಮಾತು."

ಕಾಳಿಂಗ ತನ್ನ ಮೊದಲ ಕೋವಿಗೆ ಕೈ ಹಾಕಿದ. ಬಾಯಿಂದ ಮದ್ದು ತುಂಬುವ ಚಕಮಕಿ ಕೋವಿ. ಕಬ್ಬಿಣದ ಪಟ್ಟಿಯನ್ನು ಸರಳಿಗೆ ಸುತ್ತಿ, ಕಾಯಿಸಿ, ಬಡಿದು ನಳಿಗೆ ಮಾಡಿದ. ಗುಂಡು ತಿರುಗುತ್ತಾ ಹೋಗಲಿ ಅಂತ ಒಳಗೆ ಗೀರು ಎಳೆದ. ಬೀಟೆ ಮರದ ಹಿಡಿ ಕೂರಿಸಿದ.

ಎಲ್ಲ ಮುಗಿದ ಮೇಲೆ ನಳಿಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮದ್ದು ಸಿಡಿಯುವ ಜಾಗವೇ ಅದು.

ಬಿಚ್ಚಿ ಮತ್ತೆ ಕಾಯಿಸಬೇಕಿತ್ತು. ಅವನು ಬಿಚ್ಚಲಿಲ್ಲ. ಬಿರುಕಿಗೆ ಮೇಣ, ಮಸಿ ಮೆತ್ತಿ ಮೇಲೊಂದು ಬೆಳ್ಳಿ ಪಟ್ಟಿ ಬಿಗಿದ.

ಕುಲುಮೆ ಹುಡುಗನಿಗೆ ಬೆಳ್ಳಿ ಎಲ್ಲಿಂದ ಬಂತು ಅನ್ನುತ್ತೀರಾ? ಆವತ್ತಿನಿಂದ ಚೆನ್ನಾಜಿಯ ಒಂದು ಕಾಲು ಮಾತ್ರ ಘಲ್ ಅನ್ನುತ್ತಿತ್ತು. ಹೊಳೆ ಕಟ್ಟೆಯಲ್ಲಿ ನಾಲಿಗೆಗಳಿಗೆ ಹಬ್ಬವೋ ಹಬ್ಬ.

ಗುರು ಕೋವಿಯನ್ನು ಎತ್ತಿ ತಿರುಗಿಸಿ ನೋಡಿದ. ಉಗುರಿನಿಂದ ನಳಿಗೆ ತಟ್ಟಿ ಕಿವಿಗೆ ಹಿಡಿದ.

"ಇಲ್ಲಿ ಬೆಳ್ಳಿ ಯಾಕೋ?"

"ಚೆಂದಕ್ಕೆ, ಗುರುವೇ."

"ಚೆಂದವಾಗಿದೆ," ಅಂದ ಗುರು. ಕೋವಿಯನ್ನು ಗೋಡೆಗೆ ಒರಗಿಸಿಟ್ಟ.

ಕೊಳ್ಳಲು ಬಂದವನು ಗುಡ್ಡದ ಮೇಲಿನ ಮಾಚಯ್ಯ. ಅವನ ಹೆಂಡತಿಗೆ ತಿಂಗಳು ತುಂಬಿತ್ತು. ಮನೆಯಲ್ಲಿ ಕೂಸು ಹುಟ್ಟಿದರೆ ಅಂಗಳದಲ್ಲಿ ಕೋವಿ ಹಾರಿಸಿ ಸುತ್ತಲ ಮನೆಗಳಿಗೆ ಸುದ್ದಿ ಮುಟ್ಟಿಸುವುದು ಅವರ ಪದ್ಧತಿ. ಅವನ ಹಳೇ ಕೋವಿ ತುಕ್ಕು ತಿಂದು ಕೂತಿತ್ತು.

ಬೆಳ್ಳಿ ಪಟ್ಟಿ ಕಂಡಿದ್ದೇ ತಡ, ಅವನ ಕಣ್ಣು ಅಲ್ಲೇ ಅಂಟಿತು.

"ಇದು ನನಗೆ. ಈ ಎಮ್ಮೆ ನಿನಗೆ," ಅಂದ.

ಎಮ್ಮೆಯನ್ನು ಹೊಡೆದುಕೊಂಡೇ ಬಂದಿದ್ದ. ಅದು ಕುಲುಮೆ ಮುಂದೆ ನಿಂತು ಮೆಲುಕು ಹಾಕುತ್ತಿತ್ತು.

ಕೋವಿ ಕೈ ಬದಲಾಗುವ ಮುಂಚೆ ಒಂದು ಪರೀಕ್ಷೆ ಇತ್ತು. ಕೊಳ್ಳುವವನ ಎದುರಿಗೇ ಎರಡರಷ್ಟು ಮದ್ದು ತುಂಬಬೇಕು. ಕೋವಿಯನ್ನು ದಂಡೆಯ ಹೊಂಗೆ ಮರಕ್ಕೆ ಬಿಗಿದು, ದೂರ ನಿಂತು ಹಗ್ಗದಿಂದ ಕೀಲು ಎಳೆಯಬೇಕು. ನಳಿಗೆ ತಾಳಿಕೊಂಡರೆ ವೀಳ್ಯ ಕೊಟ್ಟು ವ್ಯಾಪಾರ ಮುಗಿಸಬೇಕು. ಮದ್ದು ತುಂಬುವುದು ಮಾಡಿದವನ ಕೆಲಸ. ಅರ್ಧಕ್ಕೇ ನಿಲ್ಲಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಅಂತ ಕಾಳಿಂಗ ಲೆಕ್ಕ ಹಾಕಿದ್ದ. ಪ್ರೀತಿ ಮಾಡಿದವನಿಗೆ ಬುದ್ಧಿ ಹೀಗೆಲ್ಲ ಚುರುಕಾಗುತ್ತದೆ.

ಗುರು ಕೈ ಚಾಚಿದ. "ಮದ್ದಿನ ಕೊಂಬು ಇಲ್ಲಿ ಕೊಡು. ಇವತ್ತು ನಾನು ತುಂಬುತ್ತೇನೆ."

ತುಂಬಿದ. ಎರಡರಷ್ಟು ತುಂಬಿ ಜಡಿದ. ಕೋವಿ ಎತ್ತಿಕೊಂಡು ಹೊಳೆ ಕಡೆ ನಡೆದ. ಹೊಂಗೆ ಮರ ದಾಟಿ ಮುಂದೆ ಹೋದ.

"ಗುರುವೇ, ಮರ ಇಲ್ಲಿದೆ," ಅಂದ ಕಾಳಿಂಗ.

"ಕಂಡೆ."

"ಕಟ್ಟುವುದಿಲ್ಲವೇ?"

"ಅಂಗಳದಲ್ಲಿ ಹಾರಿಸುವಾಗ ಮಾಚಯ್ಯ ಮರಕ್ಕೆ ಕಟ್ಟುತ್ತಾನೇನೋ?"

ಗುರು ಕೋವಿಯನ್ನು ಭುಜಕ್ಕೆ ಆನಿಸಿದ. ಬೆಳ್ಳಿ ಪಟ್ಟಿಯ ಪಕ್ಕಕ್ಕೇ ಕೆನ್ನೆ ಇಟ್ಟ. ಚಕಮಕಿ ಕಲ್ಲಿನ ಸುತ್ತಿಗೆಯನ್ನು ಹಿಂದಕ್ಕೆ ಎಳೆದ.

ಕಾಳಿಂಗ ಎಮ್ಮೆಯನ್ನು ನೋಡಿದ. ಕಟ್ಟೆಯ ಮೇಲೆ ಕೊಡ ಇಟ್ಟು ನಿಂತ ಚೆನ್ನಾಜಿಯನ್ನು ನೋಡಿದ. ಅವಳ ಸುತ್ತ ನಿಂತ ಅಷ್ಟೂ ಹೆಂಗಸರನ್ನು ನೋಡಿದ. ಗುರುವಿನ ಕೆನ್ನೆಯ ಬಿಳಿ ಕೂದಲು ನೋಡಿದ.

"ಬೇಡ! ಒಡೆದಿದೆ!"

ಓಡಿ ಹೋಗಿ ಕಲ್ಲಿಗೂ ಉಕ್ಕಿಗೂ ನಡುವೆ ತನ್ನ ಅಂಗೈ ತೂರಿಸಿದ. ಬೆಳ್ಳಿ ಪಟ್ಟಿ ಕಿತ್ತು ತೋರಿಸಿದ. ಮೇಣ ಉದುರಿತು.

ಮಾಚಯ್ಯನ ಬಾಯಿಂದ ಬಂದದ್ದನ್ನೆಲ್ಲ ಬರೆಯುವ ಹಾಗಿಲ್ಲ. ಹೆಂಗಸರು ಮಾತ್ರ ಒಂದಕ್ಷರ ಬಿಡದೆ ಕೇಳಿಸಿಕೊಂಡರು.

"ಥೂ ನಿನ್ನ! ನನ್ನ ಮುಖಕ್ಕೆ ಬೆಂಕಿ ಇಟ್ಟು ನನ್ನ ಎಮ್ಮೆ ಹಾಲು ಕುಡಿಯಬೇಕು ಅಂತಿದ್ದೆಯಲ್ಲೋ!"

ಎಮ್ಮೆ ಬಿಚ್ಚಿಕೊಂಡು ಹೊರಟ. ತಿರುವಿನ ತನಕ ಹೋದವನು ನಿಂತ. ಎಮ್ಮೆಯ ಸಮೇತ ವಾಪಸು ಬಂದ. ಸೊಂಟದ ಚೀಲದಿಂದ ವೀಳ್ಯ ತೆಗೆದು ಕಾಳಿಂಗನ ಮುಂದೆ ಹಿಡಿದ.

"ಇನ್ನೊಂದು ಮಾಡು. ಅಷ್ಟರೊಳಗೆ ಕೂಸು ಹುಟ್ಟಿದರೆ ಭಾವನ ಕೋವಿ ತಂದು ಹಾರಿಸುತ್ತೇನೆ."

"ನನ್ನ ಕೈಯದು ಯಾಕೆ, ಮಾಚಯ್ಯನವರೇ? ಗುರುಗಳದು ತಗೊಳ್ಳಿ."

"ಎಮ್ಮೆ ಕಣ್ಣೆದುರೇ ಇದ್ದಾಗಲೂ ನಿಜ ಬಾಯಿ ಬಿಟ್ಟವನು ನೀನು. ಅದರಿಂದಲೇ ನನ್ನ ಕೂಸು ಅಪ್ಪನ ಮುಖ ನೋಡುತ್ತದೆ ಕಣೋ. ಹಿಡಿ ವೀಳ್ಯ."

ಅಕ್ಕಸಾಲಿಗೆ ಸುದ್ದಿ ಮುಟ್ಟಿತು. ಮುಟ್ಟಿಸಿದವರು ಒಬ್ಬಿಬ್ಬರಲ್ಲ. ಅವನು ಮಗಳ ಬೋಳು ಕಾಲು ನೋಡಿ ಕೂಗಾಡಿದ. ಕೂಗಿ ಸುಸ್ತಾದ ಮೇಲೆ, "ಇನ್ನೊಂದು ಕೋವಿ ಆಗುವವರೆಗೆ ಬೇರೆ ಗಂಡು ನೋಡುವುದಿಲ್ಲ," ಅಂದ.

ಕಾಳಿಂಗ ಗುರುವಿನ ಕಾಲಿಗೆ ಬಿದ್ದ. ಹಣೆ ಎತ್ತಲೇ ಇಲ್ಲ.

"ನನ್ನನ್ನು ಉಳಿಸಿದಿರಿ, ಗುರುವೇ. ನಾನು ಬಾಯಿ ಬಿಡುತ್ತೇನೆ ಅಂತ ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ?"

ಗುರು ಬಗ್ಗಿ ಅವನನ್ನು ಎಬ್ಬಿಸಿದ.

"ಏಳೋ ಮಾರಾಯ. ಕೈ ಮುಗಿಯಬೇಕಾದವನು ನಾನು. ನೀನು ಕೂಗುವಾಗ ನನ್ನ ಬೆರಳು ಕೀಲನ್ನು ಆಗಲೇ ಅರ್ಧ ಎಳೆದಾಗಿತ್ತು."